ಕೇಳದೆ ಉಳಿದ ಕ್ಷಮೆ

೧೯೮೯, ಅಕ್ಟೋಬರ್ ೧೫, ಭಾನುವಾರ. ಕರಗಂದ, ಸೋವಿಯತ್ ಕಜಾಕಿಸ್ತಾನ.

ಇವತ್ತು ಹೇಳಿಬಿಟ್ಟೆ. ಅಗಾಥಕ್ಕ ಕಾನೂನು ಮೀರಿ ಮನೆಯಲ್ಲಿ ಮಕ್ಕಳಿಗೆ ಬೈಬಲ್ ಕಲಿಸುತ್ತಾಳೆಂದು ಹದಿನೇಳು ವರ್ಷದ ಹಿಂದೆ ಪೊಲೀಸರಿಗೆ ಬರೆದುಕೊಟ್ಟವಳು ನಾನು. ಸುಮ್ಮನಿದ್ದರೆ ಗಣಿ ಕಚೇರಿಯ ನನ್ನ ಕೆಲಸ ಹೋಗುತ್ತದೆಂದು ಹೆದರಿದ್ದೆ. ಅವಳಿಗೆ ಮೂರು ವರ್ಷ ಸೆರೆವಾಸವಾಯಿತು. ಮಗಳು ಫ್ರೀಡಾಳನ್ನು ಅನಾಥಾಲಯಕ್ಕೆ ಒಯ್ದರು.

ಪ್ರಾರ್ಥನೆ ಮುಗಿದ ಮೇಲೆ ಅಕ್ಕ ಎಲೆಕೋಸು ಹೆಚ್ಚುತ್ತಿದ್ದಳು.

"ಅಕ್ಕಾ, ಅವತ್ತು ಬರ್ಕೊಟ್ಟಿದ್ದು ನಾನೇ."

ಅವಳ ಕೈ ನಿಂತಿತು. "ಗೊತ್ತು ಕಣೇ ಲೀಡಾ. ವಿಚಾರಣೇಲಿ ಆ ಕಾಗದ ನನ್ ಮುಂದೇನೇ ಇಟ್ಟಿದ್ರು. ನಿನ್ ಅಕ್ಷರ ನಂಗೆ ಗೊತ್ತಾಗಲ್ವಾ? ಬರೆಯೋದು ಕಲಿಸಿದ್ದೇ ನಾನು."

"ಮತ್ತೆ ಇಷ್ಟು ವರ್ಷ ಯಾಕೆ ಒಂದ್ ಮಾತೂ ಆಡ್ಲಿಲ್ಲ?"

"ನಿನ್ನ ಬಾಯಿಂದಾನೇ ಬರ್ಲಿ ಅಂತ. ನಿನ್ನ ಕ್ಷಮಿಸೋಕೆ ನಂಗೆ ಜೈಲಲ್ಲಿ ಎರಡು ಚಳಿಗಾಲ ಬೇಕಾಯ್ತು. ದೇವರಿಗೆ ಅಷ್ಟು ಹೊತ್ತು ಬೇಡ, ನೀನು ಕೇಳಿದ್ರೆ ಸಾಕು. ಕೇಳಿದ್ಯಾ?"

ತಲೆ ತಗ್ಗಿಸಿದೆ. ಕೇಳಿರಲಿಲ್ಲ. ಪ್ರತಿ ಭಾನುವಾರ ಅವಳ ಪಕ್ಕದಲ್ಲೇ ಮಂಡಿಯೂರಿ, ಇವಳಿಗೆ ಗೊತ್ತಾಗದಿರಲಿ ಎಂದಷ್ಟೇ ಬೇಡಿಕೊಂಡಿದ್ದೆ. ಅದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಈಗ ಕೇಳಬೇಕು. ಕೇಳಿದ ಮೇಲೆ ಫ್ರೀಡಾಳ ಎದುರಿಗೂ ಹೋಗಿ ನಿಲ್ಲಬೇಕು. ಅವಳಿಗೆ ಆಗ ಬರೀ ಆರು ವರ್ಷ, ನನ್ನನ್ನು ಚಿಕ್ಕಮ್ಮಾ ಎಂದು ಕರೆಯುತ್ತಿದ್ದಳು.