ಕಾನ್ಸಾಸಿನಿಂದ ಬಂದ ಸೊಸೆ

ಬರ್ಕಾ
ಓಮಾನ್
ಸೆಪ್ಟೆಂಬರ್ ೨೯, ೨೦೦೬, ಶುಕ್ರವಾರ

ನನ್ನ ಭವ್ಯಾ,

ಹೇಗಿದ್ದೀ ಮಗಳೇ? ಹಾಸ್ಟೆಲಿನ ಊಟಕ್ಕೆ ನೀನು ಬೈಯುವುದು ಕೇಳಿ ಕೇಳಿ, ಈಗ ಬೈಯದಿದ್ದರೆ ನಿನಗೆ ಹುಷಾರಿಲ್ಲವೇನೋ ಅನಿಸುತ್ತದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ನಿನ್ನೆ ಸೊಹಾರಿನ ಕೆಲಸದಿಂದ ಬಂದವರು ಊಟ ಮಾಡಿ ಮಲಗಿದ್ದಾರೆ. ಅವರು ಏಳುವ ಮೊದಲು ಇದನ್ನು ಬರೆದು ಮುಗಿಸಬೇಕು.

ನಿನ್ನ ಪತ್ರ ಬಂದು ತಿಂಗಳಾಯಿತು. ಬಾಂತೈ ಎಂಬ ಹುಡುಗ, ನಿನ್ನ ಕ್ಲಾಸಿನವನು, ಶಿಲ್ಲಾಂಗಿನ ಖಾಸಿ ಜನಾಂಗದವನು, ಮದುವೆಯಾದರೆ ಅವನನ್ನೇ ಎಂದು ಬರೆದಿದ್ದೀ. ಫೋನಿನಲ್ಲಿ ನೀನು "ಪತ್ರ ಸಿಕ್ಕಿತಾ ಅಮ್ಮಾ" ಎಂದಾಗಲೆಲ್ಲ ನಾನು "ಇಲ್ಲಿ ಬಿಸಿಲು ಜೋರು ಮಾರಾಯ್ತಿ" ಎಂದು ಮಾತು ಹಾರಿಸಿದೆ. ಏಪ್ರಿಲಿನಲ್ಲಿ ಊರಿಗೆ ಬರುತ್ತೇನೆಂದ ನಾನು ಬರಲಿಲ್ಲ ಎಂಬ ಸಿಟ್ಟು ಬೇರೆ ನಿನಗೆ. ಮಗಳಿಗಿಂತ ಆ ಅಮೆರಿಕದ ಮೇಡಮ್ಮೇ ಹೆಚ್ಚಾದರು ಎಂದು ಬರೆದಿದ್ದೀಯಲ್ಲ, ಅದು ನನಗೆ ನಾಟಿದೆ. ಆ ಮೇಡಮ್ಮಿನ ಕಥೆ ಹೇಳದೆ ಬಾಂತೈ ವಿಷಯ ಮಾತಾಡಲು ನನಗೆ ಬರುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಓದು.

ನೀನು ಮಂಗಳೂರಿಗೆ ಹೋದ ಮೇಲೆ ನಾನು ಸೇರಿದ ಕೆಲಸ ಇದು, ಹಾಗಾಗಿ ಈ ಮನೆಯವರನ್ನು ನೀನು ನೋಡಿಲ್ಲ. ಹಳೆಯ ಶೇಖ್‌ಗಳ ಮನೆತನ. ಅಜ್ಜನ ಕಾಲದಲ್ಲಿ ಕೋಟೆಯಿದ್ದ, ನ್ಯಾಯ ಹೇಳುತ್ತಿದ್ದ ಮನೆ. ಈಗ ಖರ್ಜೂರದ ತೋಟಗಳಿವೆ, ಅವುಗಳ ಆಫೀಸಿನಲ್ಲಿ ನಾನು ಸೆಕ್ರೆಟರಿ. ಈ ಮನೆಯ ಮಕ್ಕಳು ಪೇಟೆಗೆ ಹೋದರೆ ಇವತ್ತಿಗೂ ಮುದುಕರು ಎದ್ದು ನಿಲ್ಲುತ್ತಾರೆ. ಕಿರಿಯ ಮಗ ಶೇಖ್ ಹಿಲಾಲ್ ನೀರಾವರಿ ಓದಲು ಅಮೆರಿಕದ ಕಾನ್ಸಾಸಿಗೆ ಹೋದವರು ನೀನು ಬರೆದ ಆ ಮೇಡಮ್ಮನ್ನು, ಡಾಲಿಯನ್ನು, ಮದುವೆಯಾಗಿ ಕರೆತಂದರು. ಗೋಧಿ ಬೆಳೆಯುವವರ ಮಗಳು. ಮದುವೆಗೆ ಇಲ್ಲಿಯ ಸರಕಾರದ ಒಪ್ಪಿಗೆ ಸಿಗುವುದಕ್ಕಿಂತ ತಾಯಿಯ ಒಪ್ಪಿಗೆ ಸಿಗುವುದು ಕಷ್ಟವಾಯಿತಂತೆ.

ಆ ತಾಯಿ ಶರೀಫಾ. ನಾವೆಲ್ಲ ಉಮ್ಮಾ ಎನ್ನುತ್ತೇವೆ. ಸಣ್ಣ ಆಳು, ನೆಟ್ಟಗಿನ ಬೆನ್ನು, ಅಳತೆಯ ಮಾತು. ಡಾಲಿ ಅರಬ್ಬಿ ಕಲಿತಳು, ಮನೆಯ ರೀತಿಗೆ ತಲೆ ಮುಚ್ಚಿಕೊಂಡಳು, ಹಬ್ಬಕ್ಕೆ ಬರುವ ನೂರು ಹೆಂಗಸರಿಗೆ ಮಂಡಿಯೂರಿ ಕಾಫಿ ಬಗ್ಗಿಸಿದಳು. ಉಮ್ಮಾ ತಪ್ಪು ಹುಡುಕಲಿಲ್ಲ, ಹತ್ತಿರವೂ ಸೇರಿಸಲಿಲ್ಲ. ಪೇಟೆಯವರು ಅಮೆರಿಕದ ಶೇಖಾ ಎಂದು ಕರೆದು, ಮೈತುಂಬ ಚಿನ್ನ ಹಾಕಿಕೊಂಡು ಕೂತಿದ್ದಾಳೆ ಎಂದುಕೊಂಡಿದ್ದರು. ಅವಳು ನಮ್ಮ ಆಫೀಸಿಗೆ ಬಂದು ನನ್ನ ಡಬ್ಬಿಯ ನೀರುದೋಸೆ ತಿಂದು ಹೋಗುತ್ತಿದ್ದಳು. ಇಂಗ್ಲಿಷಿನಲ್ಲಿ ಹರಟೆ ಹೊಡೆಯಲು ಗಂಡ ಬಿಟ್ಟರೆ ಅವಳಿಗೆ ಇದ್ದವಳು ನಾನೊಬ್ಬಳೇ.

ಜನವರಿಯಲ್ಲಿ ಇಬ್ರಿಯಿಂದ ಬರುವ ರಸ್ತೆಯಲ್ಲಿ ಹಿಲಾಲರ ಕಾರಿಗೆ ಒಂಟೆ ಅಡ್ಡ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಇಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳಿಗೂ ಹೆಚ್ಚು ಮನೆಯೊಳಗೇ ಇರಬೇಕು. ಇದ್ದತ್ ಎನ್ನುತ್ತಾರೆ. ಅತ್ತರಿಲ್ಲ, ಬಣ್ಣದ ಬಟ್ಟೆಯಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ನಮ್ಮ ಡ್ರೈವರ್ ಅದ್ದು, ಉಪ್ಪಿನಂಗಡಿಯ ಬ್ಯಾರಿ, ಸಾಮಾನು ಗೇಟಿನಲ್ಲಿಟ್ಟು ಹೋಗುತ್ತಿದ್ದ. ಡಾಲಿ ಇದ್ದತನ್ನು ಯಾರೂ ಹೇಳದೆ ತಾನೇ ಪೂರ್ತಿ ಹಿಡಿದಳು, ಹಿಲಾಲನಿಗಾಗಿ ಇದೊಂದನ್ನಾದರೂ ಮಾಡುತ್ತೇನೆ ಎಂದಳು. ದಿನವೂ ಸ್ವಲ್ಪ ಹೊತ್ತು ಬಂದು ಕೂತಿರು ಎಂದು ನನ್ನನ್ನು ಬೇಡಿಕೊಂಡಳು. ಅವಳಿಗೆ ಆರು ವರ್ಷದ ಮಗಳು ಶಮ್ಸಾ. ಅಪ್ಪ ಇಬ್ರಿಯಿಂದ ಇನ್ನೂ ಯಾಕೆ ಬಂದಿಲ್ಲ ಎಂದು ಆ ಮಗು ಕೇಳುವಾಗ ಡಾಲಿ ಗೋಡೆಗೆ ಮುಖ ಮಾಡುತ್ತಿದ್ದಳು. ಉತ್ತರ ನಾನು ಕೊಡಬೇಕಿತ್ತು. ಹಾಗಿರುವಾಗ ಏಪ್ರಿಲಿನಲ್ಲಿ ಸೂಟ್‌ಕೇಸ್ ಹಿಡಿದು ಹೇಗೆ ಹೊರಡಲಿ, ಹೇಳು? ನಿನಗೆ ಆಗಲೇ ಇದನ್ನು ಬಿಡಿಸಿ ಹೇಳಬಹುದಿತ್ತು. ಫೋನಿನಲ್ಲಿ ಹೇಳಿದರೆ ನಾನು ಅತ್ತುಬಿಡುತ್ತೇನೆ ಎಂಬ ಹೆದರಿಕೆ.

ಅದೇ ಏಪ್ರಿಲಿನಲ್ಲಿ ಕಾನ್ಸಾಸಿನಿಂದ ಸುದ್ದಿ ಬಂತು. ಡಾಲಿಯ ತಾಯಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದಿದೆ, ಮಾತು ತೊದಲುತ್ತಿದೆ, ಮೊಮ್ಮಗಳನ್ನು ನೋಡಬೇಕು ಎನ್ನುತ್ತಿದ್ದಾರೆ. ಇದ್ದತ್ ಮುಗಿದ ಕೂಡಲೇ ಶಮ್ಸಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು ಡಾಲಿ. ಆದರೆ ತಂದೆ ತೀರಿದ ಮೇಲೆ ಮಗುವಿನ ಹೊಣೆ ದೊಡ್ಡಪ್ಪ ಶೇಖ್ ಸೈಫರ ಮೇಲೆ ಬಿದ್ದಿತ್ತು. ಅವರ ಸಹಿಯಿಲ್ಲದೆ ಮಗು ದೇಶ ಬಿಡುವಂತಿರಲಿಲ್ಲ. ಅವರು ಒಪ್ಪಲಿಲ್ಲ. ನೀನು ಹೋಗಿ ಬಾ, ಮಗು ಇಲ್ಲಿರಲಿ ಎಂದುಬಿಟ್ಟರು.

ಸೈಫ್ ಕೆಟ್ಟವರಲ್ಲ ಭವ್ಯಾ. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತು, ತಮ್ಮನ ಮುಖ ಉಳಿದಿರುವುದು ಆ ಮಗುವಿನಲ್ಲಿ ಮಾತ್ರ ಎಂದರು. "ನೀವು ದಿನಾ ಅವಳ ಜೊತೆ ಕೂರುತ್ತೀರಿ. ನಿಜ ಹೇಳಿ ಮೇಡಂ, ಅವಳು ವಾಪಸು ಬರುತ್ತಾಳಾ?"

ಹಿಂದಿನ ದಿನವಷ್ಟೇ ಡಾಲಿ ನನ್ನ ಮಡಿಲಲ್ಲಿ ತಲೆಯಿಟ್ಟು, ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ಕುಸುಮಾ, ಎಂದಿದ್ದಳು. ಅದನ್ನು ಅವರಿಗೆ ಹೇಳಲಾರೆ. ಸುಳ್ಳು ಹೇಳಲೂ ಬಾಯಿ ಬರಲಿಲ್ಲ. "ನನ್ನ ಮಗಳೂ ದೂರದಲ್ಲಿದ್ದಾಳೆ ಶೇಖ್. ನಾಳೆ ಅವಳು ಯಾವ ಊರಲ್ಲಿ ನಿಲ್ಲುತ್ತಾಳೆ ಅಂತ ನಾನೇ ಹೇಳಲಾರೆ. ಇನ್ನು ಇವಳ ಬಗ್ಗೆ ಏನು ಹೇಳಲಿ?" ಎಂದೆ. ಅವರು ತಲೆಯಾಡಿಸಿ ಹೋದರು. ಸಹಿ ಮಾತ್ರ ಹಾಕಲಿಲ್ಲ.

ಡಾಲಿ ಊಟ ಬಿಟ್ಟಳು. ಎರಡನೆಯ ದಿನ ಮಧ್ಯಾಹ್ನ ಅವಳ ಕೋಣೆಯ ಬಾಗಿಲು ತೆರೆಯಿತು. ನೋಡಿದರೆ ಉಮ್ಮಾ! ಇಷ್ಟು ವರ್ಷದಲ್ಲಿ ಆ ಹೊಸ್ತಿಲು ದಾಟಿದವರಲ್ಲ. ಹಾಸಿಗೆಯ ತುದಿಯಲ್ಲಿ ಕೂತು, ಡಾಲಿಯ ಕೈ ಹಿಡಿದು, ಇಂಗ್ಲಿಷಿನಲ್ಲಿ ಮಾತಾಡಿದರು.

ಇಂಗ್ಲಿಷಿನಲ್ಲಿ ಭವ್ಯಾ! ಹಳೆಯ ಶಾಲಾಪುಸ್ತಕದ ಇಂಗ್ಲಿಷು, ಒಂದೊಂದೇ ಶಬ್ದ ಹುಡುಕಿ ಹುಡುಕಿ. "ಡಾಲಿ, ನಿನ್ನ ತಾಯಿ ಜೀವಂತ ಇದ್ದಾರೆ. ನೀನು ಹೋಗಬೇಕು. ಮಗುವನ್ನೂ ಕರೆದುಕೊಂಡು ಹೋಗಬೇಕು."

ಡಾಲಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಆಮೇಲೆ ಅವರೇ ಬಿಡಿಸಿ ಹೇಳಿದರು. ಉಮ್ಮಾ ಹುಟ್ಟಿದ್ದು ಓಮಾನಿನಲ್ಲಲ್ಲ, ಸಮುದ್ರದಾಚೆಯ ಜಾಂಜಿಬಾರಿನಲ್ಲಿ. ಅಲ್ಲಿ ತಲೆತಲಾಂತರದಿಂದ ನೆಲೆಸಿದ್ದ ಓಮಾನಿ ಕುಟುಂಬ, ಬ್ರಿಟಿಷರ ಶಾಲೆ, ಮನೆಯಲ್ಲಿ ಸ್ವಾಹಿಲಿ. ಹದಿನಾರಕ್ಕೆ ಹಡಗು ಹತ್ತಿ ಈ ಮನೆಗೆ ಮದುವೆಯಾಗಿ ಬಂದರು. ಸ್ವಾಹಿಲಿ ಬಾಯಿಗೆ ಬಂದರೆ ಇವರ ಅತ್ತೆ, ಹೊರಗಿನವಳೆಂದು ಊರಿಗೆಲ್ಲ ಸಾರುತ್ತೀಯಾ ಎಂದು ಗದರಿಸುತ್ತಿದ್ದರಂತೆ. ಕ್ರಮೇಣ ಸ್ವಾಹಿಲಿ, ಇಂಗ್ಲಿಷು ಎರಡನ್ನೂ ನುಂಗಿಕೊಂಡರು. ಮಕ್ಕಳಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಜಾಂಜಿಬಾರಿನಲ್ಲಿ ದಂಗೆಯೆದ್ದು ಅರಬರ ಮನೆಗಳು ಉರಿದವು. ತಾಯಿ ಬದುಕಿ ಉಳಿದಿದ್ದಾರೆ ಎಂದು ಆಮೇಲೆ ತಿಳಿಯಿತು. ಹೋಗುತ್ತೇನೆಂದು ಇವರು ಅತ್ತರು. ಹೋದರೆ ಇವಳು ಬರುವುದಿಲ್ಲ ಎಂದು ಮಾವ ಕಳಿಸಲಿಲ್ಲ. ತಾಯಿ ಸತ್ತ ಸುದ್ದಿ ಮುಟ್ಟಿದಾಗ ಸತ್ತು ಒಂದು ವರ್ಷ ಕಳೆದಿತ್ತಂತೆ.

"ನೀನು ಬಂದಾಗ ನನಗೆ ಸಿಟ್ಟಿತ್ತು" ಎಂದರು ಉಮ್ಮಾ. "ನಾನು ಎಲ್ಲಾ ಬಿಟ್ಟೆ, ನೀನೂ ಬಿಡು ಅಂತ. ನೀನು ಬಿಟ್ಟೆ. ಅದನ್ನು ನೋಡಿ ನನಗೆ ಸಂತೋಷ ಆಗಲಿಲ್ಲ ಮಗಳೇ."

ಡಾಲಿ ಅವರ ಕುತ್ತಿಗೆ ತಬ್ಬಿಕೊಂಡು ಅತ್ತಳು. ಜನವರಿಯಿಂದ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲು. ನಾನು ಎದ್ದು ಹೊರಡಬೇಕೆಂದಿದ್ದೆ, ಉಮ್ಮಾ ಇನ್ನೊಂದು ಕೈಯಿಂದ ನನ್ನನ್ನೂ ಹಿಡಿದು ಕೂರಿಸಿದರು.

ಆ ಸಂಜೆ ಸೈಫರಿಗೆ ಕರೆ ಹೋಯಿತು. ನಾನು ಅಲ್ಲೇ ಇದ್ದೆ. ಸಹಿ ಹಾಕು ಎಂದರು ಉಮ್ಮಾ. ಅವಳು ಬರದಿದ್ದರೆ ಏನು ಮಾಡುವುದು ಎಂದು ಕೇಳಿದರು ಸೈಫ್, ದೊಡ್ಡ ಗಂಡಸು, ಕಣ್ಣಲ್ಲಿ ನೀರು.

"ಬರದಿದ್ದರೆ ನಾನೇ ಅಲ್ಲಿಗೆ ಹೋಗಿ ಮೊಮ್ಮಗಳನ್ನು ನೋಡುತ್ತೇನೆ. ನನಗೆ ಇಂಗ್ಲಿಷ್ ಬರುತ್ತದೆ" ಎಂದರು. "ಯಲ್ಲಾ, ಬೇಗ ಬರೆ."

ಸೈಫ್ ಬಾಯಿ ತೆರೆದುಕೊಂಡೇ ಸಹಿ ಹಾಕಿದರು.

ಮೇ ಕೊನೆಗೆ ಅದ್ದು ಎಲ್ಲರನ್ನೂ ಸೀಬ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಯಾವಾಗ ಬರುತ್ತೀ ಎಂದು ಉಮ್ಮಾ ಕೇಳಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ ಶಮ್ಸಾಳ ಒಂದು ಚಪ್ಪಲಿ ಸಿಕ್ಕಿತು. ಅದನ್ನು ಉಮ್ಮಾ ತೊಡೆಯ ಮೇಲಿಟ್ಟುಕೊಂಡು ಬರ್ಕಾದವರೆಗೂ ಕೂತಿದ್ದರು. ಅದ್ದು ನನಗೆ ಮೆಲ್ಲ ತುಳುವಿನಲ್ಲಿ, "ಕುಸುಮಕ್ಕ, ಆರ್ ಬರ್ಪೆರಾ?" ಎಂದ. ಅವರು ಬರುತ್ತಾರಾ ಅಂತ.

ಆಮೇಲೆ ಶುಕ್ರವಾರಕ್ಕೊಮ್ಮೆ ಫೋನು. ಆ ಕಡೆಯ ತಾಯಿಯ ನಾಲಿಗೆ ಹೊರಳದು, ಈ ಕಡೆಯ ತಾಯಿಗೆ ಶಬ್ದ ಬೇಗ ಸಿಗದು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತು. ಒಂದು ವಾಕ್ಯಕ್ಕೆ ಒಂದು ನಿಮಿಷ. ಡಾಲಿಯ ತವರಿನ ಗೋಧಿ ಕಣಜದ ಮೇಲೆ ಹಿಲಾಲ್ ಹತ್ತಿ ನಮಾಜು ಮಾಡಿದ್ದನ್ನು ಆ ತಾಯಿ ಹೇಳಿದಾಗ ಉಮ್ಮಾ ನಕ್ಕ ನಗು ಅಡುಗೆಮನೆಯವರೆಗೂ ಕೇಳಿತು.

ಆಗಸ್ಟಿನಲ್ಲಿ ಆ ತಾಯಿ ತೀರಿಕೊಂಡರು, ಮಗಳು ಮೊಮ್ಮಗಳು ಇಬ್ಬರೂ ಪಕ್ಕದಲ್ಲಿರುವಾಗಲೇ. ತಿಂಗಳು ಮುಗಿಯುವುದರೊಳಗೆ ಡಾಲಿ ಶಮ್ಸಾಳೊಂದಿಗೆ ಬರ್ಕಾಕ್ಕೆ ಬಂದಿಳಿದಳು. ಯಾಕೆ ಬಂದೆ ಎಂದು ನಾನು ಕೇಳಿಯೇ ಬಿಟ್ಟೆ. ಅಲ್ಲಿ ಎಲ್ಲರೂ ಒಳ್ಳೆಯವರು ಕುಸುಮಾ, ಆದರೆ ಹಿಲಾಲನ ಬಗ್ಗೆ ಮಾತಾಡೋಣವೆಂದರೆ ಅವನನ್ನು ಹೆತ್ತವರು ಇಲ್ಲಿದ್ದರಲ್ಲ ಎಂದಳು. ವರ್ಷಕ್ಕೊಮ್ಮೆ ಕಾನ್ಸಾಸಿಗೆ ಹೋಗುತ್ತಾಳಂತೆ. ಉಮ್ಮಾ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದಾರೆ.

ಈಗ ನಿನ್ನ ವಿಷಯ. ನಿನ್ನ ಪತ್ರ ಓದಿ ನನಗೆ ಜಾತಿಯ ಚಿಂತೆ ಬಂತು ಎಂದುಕೊಂಡಿದ್ದರೆ ತಪ್ಪು. ಮ್ಯಾಪಿನಲ್ಲಿ ಶಿಲ್ಲಾಂಗ್ ಹುಡುಕಿದೆ, ನನಗೆ ಚಿಂತೆ ಬಂದದ್ದು ಆ ದೂರ ನೋಡಿ. ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಓದಿದೆ. ಖಾಸಿಗಳಲ್ಲೂ ಕುಲ ತಾಯಿಯ ಕಡೆಯಿಂದಂತೆ, ನಮ್ಮ ತುಳುವರಲ್ಲಿ 'ಬರಿ' ಎನ್ನುವ ಕುಲ ಇರುವ ಹಾಗೆಯೇ. ನಿನ್ನ ಮಕ್ಕಳು ಯಾರ ಬರಿ ಎಂಬುದಕ್ಕೆ ಎರಡು ಮನೆಯವರಿಗೂ ಜಗಳವಾಗಲಿಕ್ಕಿಲ್ಲ. ನಾನು ಕೇಳುವುದು ಒಂದೇ. ನಿನಗೆ ತುಳುವಿನಲ್ಲಿ ಅಳು ಬಂದರೆ ಆ ಮನೆಯಲ್ಲಿ ಸುಮ್ಮನಿರು ಎನ್ನುತ್ತಾರಾ, ಅಥವಾ ಪಕ್ಕದಲ್ಲಿ ಬಂದು ಕೂರುತ್ತಾರಾ? ಇದನ್ನು ಬಾಂತೈ ಹತ್ತಿರ ಕೇಳಬೇಡ, ಚಂದದ ಉತ್ತರ ಕೊಡುತ್ತಾನೆ. ಅವನ ತಾಯಿಯ ಜೊತೆ ಎರಡು ದಿನ ಇದ್ದು ನೋಡಿಕೊಂಡು ಬಾ. ಆಮೇಲೆ ನೀನು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ.

ಅಪ್ಪ ಮಗ್ಗುಲು ಬದಲಿಸುತ್ತಿದ್ದಾರೆ. ನಿಲ್ಲಿಸುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನನ್ನು ನೋಡದೆ ಬಾಡಿರುವ,
ಅಮ್ಮ

ಮತ್ತೆ ಬರೆದದ್ದು: ಡಿಸೆಂಬರಿನಲ್ಲಿ ನಾವಿಬ್ಬರೂ ಊರಿಗೆ ಬರುತ್ತೇವೆ, ಟಿಕೆಟ್ ಆಗಿದೆ. ಬಾಂತೈಯನ್ನು ಮನೆಗೆ ಊಟಕ್ಕೆ ಕರೆ. ಅಪ್ಪನಿಗೆ ನಾನು ಇನ್ನೂ ಒಂದಕ್ಷರ ಹೇಳಿಲ್ಲ. ವಿಮಾನ ಮೇಲೆ ಹಾರಿದ ಮೇಲೆ ಹೇಳುತ್ತೇನೆ. ಅಲ್ಲಿಂದ ಸಿಟ್ಟು ಮಾಡಿಕೊಂಡು ಎದ್ದು ಹೋಗಲಿಕ್ಕೆ ಜಾಗವಿಲ್ಲ, ಇಳಿಯುವಷ್ಟರಲ್ಲಿ ಹುಡುಗ ಮೀನು ತಿನ್ನುತ್ತಾನಾ ಎಂದು ಅವರೇ ಕೇಳುತ್ತಾರೆ.