ಏಳು ತಲೆಮಾರಿನ ಆಲೂಗಡ್ಡೆ ರೋಗ

ಹುಬ್ಬಳ್ಳಿ,
ಫೆಬ್ರವರಿ 30, 2231

ತೀರ್ಥರೂಪ ಧರಣೇಂದ್ರ ಅಜ್ಜಾರಿಗೆ ನಿಮ್ಮ ಏಳನೇ ತಲೆಮಾರಿನ ಜಿನ್ನಪ್ಪನ ಸಾಷ್ಟಾಂಗ ನಮಸ್ಕಾರಗಳು. ಜೈ ಜಿನೇಂದ್ರ. ಇದನ್ನು ಕಾಗದದಲ್ಲಿ ಧೈರ್ಯವಾಗಿ ಬರೆಯುತ್ತೇನೆ, ಪಕ್ಕದವರಿಗೆ ಕೇಳಿಸುವುದಿಲ್ಲವಲ್ಲ.

ಈ ಮೂಲಕ ಸಮಸ್ತ ಲೋಕಕ್ಕೆ ಸಾರುವುದೇನೆಂದರೆ, ಬರುವ ಬುಧವಾರ ಸಂಜೆ ನಾಲ್ಕೂಕಾಲಿಗೆ ನಿಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ನಿಮ್ಮ ಮುಂದೆ ಒಂದು ಆಲೂ ಬೋಂಡಾ ಬರಲಿದೆ. ಚರಿತ್ರೆಯ ದಿಕ್ಕನ್ನೇ ಬದಲಿಸುವ ಬೋಂಡಾ ಅದು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನ್ಯಾಯ ಒದಗಿಸಲಾಗಿದೆ. ನಡುವೆ ಅಪರಿಚಿತ ಪದ ಬಂದರೆ ಕ್ಷಮಿಸಿ.

ಹೊಸ ಸಾಹೇಬರು ತಾವೇ ತಟ್ಟೆ ಹಿಡಿದು ಬಂದು, "ತಗೋರಿ ಧರಣೇಂದ್ರ, ಬಿಸಿ ಅದಾವ" ಎನ್ನುತ್ತಾರೆ. ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ. ನೀವು ಹಲ್ಲು ಕಿರಿದು, "ಬಟಾಟಿ ಆಗಿಬರೂದಿಲ್ರೀ, ಡಾಕ್ಟರ್ ಬ್ಯಾಡ ಅಂದಾರ" ಎನ್ನುತ್ತೀರಿ. ಪಕ್ಕದಲ್ಲಿರುವ ಗುಮಾಸ್ತ ಅದನ್ನು ನಿಮ್ಮ ಆರೋಗ್ಯದ ಕಡತಕ್ಕೆ ಏರಿಸುತ್ತಾನೆ. ಕೆಟ್ಟದ್ದು ಅಲ್ಲಿಂದಲೇ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ವಂಶದಫ್ತರ ಇರುತ್ತದೆ, ಅಂದರೆ ಹಿಂದಿನವರೆಲ್ಲರ ಕಾಯಿಲೆ ಕಸಾಲೆ ಬರೆದಿಟ್ಟ ಕಡತ. ನಿಮ್ಮ ಮಗ ಹಾಸ್ಟೆಲಿನಲ್ಲಿ "ಅಪ್ಪನ ರೋಗ ನನಗೂ ಐತಿ" ಎಂದ. ಮೊಮ್ಮಗ ಅಲರ್ಜಿ ಎಂದ. ನನ್ನಪ್ಪನಂತೂ ಸೂರ್ಯ ಮುಳುಗಿದ ಮೇಲೆ ಉಣ್ಣದಿರುವುದಕ್ಕೂ 'ಸಂಜೆಯ ಹೊಟ್ಟೆಯುಬ್ಬರ' ಎಂದು ಬರೆಸಿದ. ನಮ್ಮ ಮನೆತನ ಗಡ್ಡೆ ತಿನ್ನದ, ರಾತ್ರಿ ಉಣ್ಣದ ವ್ರತವನ್ನು ಒಂದು ದಿನವೂ ಬಿಡಲಿಲ್ಲ, ಒಂದು ದಿನವೂ ಒಪ್ಪಿಕೊಳ್ಳಲಿಲ್ಲ.

ಈಗ ನನ್ನ ಮಗಳು ಅನಂತಮತಿಗೆ ತೇಲೂರಿನಲ್ಲಿ ಶಾಲೆಯ ಕೆಲಸ ಸಿಕ್ಕಿದೆ. ತೇಲೂರು ಕಾರವಾರದಾಚೆ ಸಮುದ್ರದ ಮೇಲೆ ಕಟ್ಟಿದ ಊರು. ಅಲೆ ಜೋರಾದ ದಿನ ಅಲ್ಲಿ ಚಹಾ ಅರ್ಧ ಕಪ್ಪಷ್ಟೇ ಹಾಕುತ್ತಾರೆ. ದೊಡ್ಡಾಸ್ಪತ್ರೆ ಇಲ್ಲದ ಕಾರಣ ವಂಶರೋಗ ಇದ್ದವರನ್ನು ಸೇರಿಸುವುದಿಲ್ಲ. ವ್ರತ ಇರುವವರಿಗೋ, ಬೇರೆ ಅಡುಗೆಮನೆಯನ್ನೇ ಕಟ್ಟಿಟ್ಟಿದ್ದಾರೆ.

ಮೊನ್ನೆ ಮಗಳ ಆರೋಗ್ಯ ತಪಾಸಣೆಯ ಮೇಡಂ ಕಡತ ತಿರುವಿ, ಜೊತೆಗೆ ಹೋಗಿದ್ದ ನನ್ನನ್ನು ಕೇಳಿದರು: "ಇದು ಖರೇನ ರೋಗ ಏನ್ರೀ, ಇಲ್ಲಾ ನಿಮ್ಮ ಧರ್ಮದ್ದೋ?"

ಬಾಗಿಲು ತೆರೆದಿಟ್ಟು ಒಳಗೆ ಬನ್ನಿ ಎಂದಂತಿತ್ತು ಆ ಪ್ರಶ್ನೆ. ಆದರೆ ನನ್ನ ಹಿಂದೆ ಸಾಲಿನಲ್ಲಿ ಹದಿನಾಲ್ಕು ಜನ ನಿಂತಿದ್ದರು. ನನ್ನ ಬಾಯಿಂದ ಬಂದದ್ದು, "ಗ್ಯಾಸ್ ರೀ."

ಅನಂತಮತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಜೈನರು ಅಂತ ಅನ್ನಾಕ ನಿನ್ನ ನಾಲಿಗಿ ಯಾಕ ಹೊಳ್ಳವಲ್ದಪ್ಪಾ?" ಎಂದವಳೇ ಮೇಡಂ ಕಡೆ ತಿರುಗಿದಳು. "ನಾವು ಜೈನರು ರೀ. ಗಡ್ಡಿ ತಿನ್ನೂದಿಲ್ಲ. ಆರಾಮ ಅದೀವಿ."

ಹದಿನಾಲ್ಕು ಜನರಲ್ಲಿ ಒಬ್ಬರೂ ಮೂರ್ಛೆ ಹೋಗಲಿಲ್ಲ. ಒಬ್ಬ ಆಕಳಿಸಿದ. ಇನ್ನೂರು ವರ್ಷ ನಾವು ಹೆದರಿದ್ದು ಆ ಆಕಳಿಕೆಗೆ.

ನಾನೂ ಅವಸರವಾಗಿ, "ಹೌದ್ರೀ, ಧರ್ಮದ್ದ" ಎಂದೆ. ಮೇಡಂ ನಕ್ಕರು. "ಏಳು ಮಂದಿ ರೋಗ ಅಂತ ಬರಸೀರಿ. ಈಗ ಮಗಳ ನೌಕರಿ ಸಲುವಾಗಿ ಸುಳ್ಳ ಹೇಳ್ತೀರಲ್ರೀ ಹಿರ್ಯಾರ." ಹುಟ್ಟಿದಾಗಿನಿಂದ ಮೊದಲ ಸಲ ನಿಜ ಹೇಳಿ ಸುಳ್ಳುಗಾರ ಎನಿಸಿಕೊಂಡು ಮನೆಗೆ ಬಂದೆ. ಮಗಳು ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ.

ನಾಳೆ ಮರುತಪಾಸಣೆ. ಅವರು ನಂಬಲಿ ಬಿಡಲಿ, ಸಾಲು ಎಷ್ಟೇ ಉದ್ದವಿರಲಿ, ನಾನು ಮೊದಲೇ ಗಟ್ಟಿಯಾಗಿ ಹೇಳುತ್ತೇನೆ. ಬುಧವಾರ ನೀವೂ ಹೇಳಿಬಿಟ್ಟರೆ ಕಡತದ ಮೊದಲ ಪುಟವೇ ಬದಲಾಗುತ್ತದೆ. ಹೇಳಿದ ಮೇಲಿನ ಅರ್ಧ ನಿಮಿಷ ಕಷ್ಟ, ನನಗೆ ಗೊತ್ತು. ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅದಕ್ಕೇ ಒಂದು ಸಣ್ಣ ಕೋರಿಕೆ. ಬುಧವಾರ ಡಬ್ಬಿಯಲ್ಲಿ ಬಾಳೆಕಾಯಿ ಬಜ್ಜಿ ನಾಲ್ಕು ಹೆಚ್ಚಿಗೆ ಹಾಕಿಸಿಕೊಂಡು ಹೋಗಿ, ಮೊದಲನೆಯದನ್ನು ಸಾಹೇಬರ ತಟ್ಟೆಗಿಡಿ.