ಲಾರ್ಡ್ ಸಾಹೇಬರು ದಾಟದೆ ಕೂತದ್ದು

ತ್ರಿವಿಕ್ರಮಾ, ಕೇಳೋ ಗೆಳೆಯಾ!

ನೈರೋಬಿ ಕನ್ನಡ ಸಂಘದ ರಂಗದ ಮೇಲೆ ಇವತ್ತು ನಾನೇ ಇಂಗ್ಲೆಂಡಿನ ಲಾರ್ಡ್ ವಿನ್‌ಡೇಲ್! ಕೀನ್ಯಾದಲ್ಲಿ ಬೇಟೆಯಾಡಿ, ಪಾರ್ಲಿಮೆಂಟಿನಲ್ಲಿ ಗರ್ಜಿಸಿ, ಕೊನೆಗೆ ಮಂತ್ರಿಪದವಿಗಾಗಿ ಪಕ್ಷವನ್ನೇ ಬಿಟ್ಟ ಮಹಾಶಯ. ಜೀವದ ಗೆಳೆಯನನ್ನು ಬೆಂಚಿನ ಮೇಲೆ ಒಂಟಿಯಾಗಿ ಬಿಟ್ಟು ಎದುರು ಸಾಲಿಗೆ ದಾಟಿದೆ ನೋಡು, ಸಭಾಂಗಣವೇ ನಡುಗಿತು! ‘ಒನ್ಸ್ ಮೋರ್! ಒನ್ಸ್ ಮೋರ್!’

ಒನ್ಸ್ ಮೋರ್ ಬಿದ್ದ ಮೇಲೆ ದೃಶ್ಯವನ್ನು ಮತ್ತೆ ಆಡಲೇಬೇಕಲ್ಲ? ಹಿಂದಿರುಗಿ ಬಂದು, ಗೆಳೆಯನ ಪಾತ್ರ ಮಾಡಿದ್ದ ಜೆಫ್ರಿಯ ಪಕ್ಕ ಕೂತೆ.

ಈ ಸಲ ಕಾಲು ಏಳಲಿಲ್ಲ.

“ಸರ್, ಏಳಿ ಮಾರಾಯ್ರೆ! ಡೈಲಾಗ್ ಮರೆತು ಹೋಯ್ತಾ?” ಎಂದು ಜೆಫ್ರಿ ಪಿಸುಗುಟ್ಟಿದ.

ಮರೆತಿರಲಿಲ್ಲ. ಸಂಘದ ಚುನಾವಣೆಯಲ್ಲಿ ಅಧ್ಯಕ್ಷಗಿರಿಗಾಗಿ ನಾನು ಆಚೆ ಬಣಕ್ಕೆ ಹೋದ ದಿನ ನೀನೂ ಹೀಗೇ ಒಬ್ಬನೇ ಕೂತಿದ್ದೆ. ಹೋದ ವರ್ಷ ನಿನ್ನ ಸಂತಾಪಸಭೆಯಲ್ಲಿ ನಾನು ಮಾಡಿದ್ದು ಅಧ್ಯಕ್ಷ ಭಾಷಣ.

ಜೆಫ್ರಿಯ ಹೆಗಲ ಮೇಲೆ ಕೈಯಿಟ್ಟು ಕೂತೇ ಇದ್ದೆ. ಪರದೆ ಎಳೆದರು. ಅಬ್ಬಬ್ಬಾ, ಏನು ಚಪ್ಪಾಳೆ, ಏನು ಶಿಳ್ಳೆ!

ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನಾನು ಅದೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು.

ನಿನ್ನ
ಲಕ್ಷ್ಮೀಕಾಂತ